ತಂಗಿಯ ಪಾಠ ನಾನು ಬರೆದೆ

ನನ್ನ ಚಿಕ್ಕಪ್ಪನ ಮಗಳಿಗೆ ಕನ್ನಡ ಓದಲು ಬರುತ್ತಿತ್ತು, ಬರೆಯಲು ಕೈ ಓಡುತ್ತಿರಲಿಲ್ಲ. ಹಳೇಬೀಡಿನಲ್ಲಿ ಹುಟ್ಟಿ, ಬೇಲೂರಿನ ಇಂಗ್ಲಿಷ್ ಶಾಲೆಗೆ ವ್ಯಾನಿನಲ್ಲಿ ಹೋಗಿ ಬಂದು ಬೆಳೆದವಳು. ಡಿಗ್ರಿಗೆ ಅರಸೀಕೆರೆ ಕಾಲೇಜು ಸೇರಿದಾಗ, ದಿನಾ ಹಳೇಬೀಡಿನಿಂದ ಓಡಾಡುವುದು ದೂರವೆಂದು ಜಾವಗಲ್ಲಿನ ನಮ್ಮ ಮನೆಯಲ್ಲಿ ಇರಿಸಿದರು. ಆನ್‌ಲೈನ್ ಕ್ಲಾಸುಗಳೆಲ್ಲ ಮುಗಿದು ಕಾಲೇಜು ಮತ್ತೆ ಬಾಗಿಲು ತೆರೆದಿದ್ದ ಕಾಲ ಅದು. ನಾನು ಅದೇ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ, ಅವಳು ಬಿ.ಕಾಂ. ಮೊದಲ ವರ್ಷ. ಇಬ್ಬರಿಗೂ ಒಂದೇ ಬಸ್ಸು, ಒಂದೇ ಕೋಣೆ, ಒಂದೇ ಬಾಚಣಿಗೆ. ಬೆಳಿಗ್ಗೆ ಅವಳ ತಲೆ ನಾನು ಬಾಚಿ ಜಡೆ ಹಾಕುತ್ತಿದ್ದೆ. ನನ್ನದನ್ನು ಅವಳು ಹಾಕಲು ಬಂದರೆ ಜಡೆ ಮಧ್ಯಾಹ್ನದ ಹೊತ್ತಿಗೆ ಬಿಚ್ಚಿಕೊಳ್ಳುತ್ತಿತ್ತು, ಆದರೂ ಹಾಕಿಸಿಕೊಳ್ಳುತ್ತಿದ್ದೆ. ಒಡಹುಟ್ಟಿದವರು ಇಲ್ಲದ ನನಗೆ ಅದೊಂದು ಆಸೆ.

ನನ್ನ ಮಾತು ಅಜ್ಜಿಯಿಂದ ಬಂದದ್ದು. ಅಪ್ಪ, ಅಮ್ಮ ಬೆಳಕು ಹರಿಯುವ ಮೊದಲೇ ತೆಂಗಿನ ತೋಟಕ್ಕೆ ಹೋಗಿಬಿಡುತ್ತಿದ್ದರು. ಮನೆಯಲ್ಲಿ ಉಳಿಯುತ್ತಿದ್ದವರು ನಾನು, ಅಜ್ಜಿ, ಅಜ್ಜಿಯ ಓರಗೆಯ ನಾಲ್ಕು ಹೆಂಗಸರು. ಅಟ್ಟದ ಮೇಲೆ ಕಾಯಿ ತನ್ನ ಪಾಡಿಗೆ ಕೊಬ್ಬರಿಯಾಗುತ್ತಿತ್ತು, ಕೆಳಗೆ ಇವರು ಕಾಲು ಚಾಚಿ ಕುಳಿತು ಊರನ್ನೆಲ್ಲ ಮಾತಿನಲ್ಲೇ ಸುತ್ತಿಬರುತ್ತಿದ್ದರು. ನಾನು ಅವರ ಮಾತನ್ನು ಕೇಳುತ್ತ ಕೇಳುತ್ತ ದೊಡ್ಡವಳಾದೆ. ಶಾಲೆಯಲ್ಲಿ ಪ್ರಬಂಧ ಬರೆದರೆ ಮೇಷ್ಟ್ರು ಅದನ್ನು ಎತ್ತಿ ಹಿಡಿದು, "ಇದನ್ನ ನೀನು ಬರೆದ್ಯೋ, ನಿಮ್ಮಜ್ಜಿ ಬರೆದ್ರೋ?" ಎಂದು ಕೇಳುತ್ತಿದ್ದರು. ನನಗೆ ಅದು ಹೊಗಳಿಕೆಯಾಗಿಯೇ ಕೇಳಿಸುತ್ತಿತ್ತು.

ಇನ್ನೊಂದು ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ. ನಾನು ದಪ್ಪ. ಚಿಕ್ಕವಳಿದ್ದಾಗಿನಿಂದಲೂ ದಪ್ಪ. ನೆಂಟರ ಮನೆಯ ಹುಡುಗರು ಗುಡಾಣ ಎನ್ನುತ್ತಿದ್ದರು. ಅಜ್ಜಿ ಮಾತ್ರ, "ಅಂದ್ಕೊಳ್ಳಲಿ ಬುಡು. ಕಣಜ ತುಂಬಿದ ಮನೆ ಕಂಡ್ರೆ ಇಲ್ದೋರಿಗೆ ಹೊಟ್ಟೆ ಉರೀತೈತೆ" ಎಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಡುತ್ತಿದ್ದಳು.

ತಂಗಿ ನಮ್ಮ ಮನೆಗೆ ಬರುವ ಹಿಂದಿನ ಬೇಸಿಗೆಯಲ್ಲಿ ಅರೇಹಳ್ಳಿ ಕಡೆಯ ಕಾಫಿ ತೋಟದವರು ನನ್ನನ್ನು ನೋಡಲು ಬಂದಿದ್ದರು. ನೋಡುವ ಶಾಸ್ತ್ರ ನಡೆದದ್ದು ಹಳೇಬೀಡಿನಲ್ಲಿ, ಚಿಕ್ಕಪ್ಪನ ಮನೆಯಲ್ಲಿ. ಅವರಿಗೂ ನಮಗೂ ನಡುವಿನ ದಾರಿ ಎಂದು. ಬಂದವರು ಒಳ್ಳೆಯ ಮಾತಿನವರೇ. ಉಪ್ಪಿಟ್ಟು ತಿಂದರು, ಕಾಫಿ ಚೆನ್ನಾಗಿಲ್ಲವೆಂದು ನಕ್ಕರು, ನಮ್ಮ ಹಳೆಯ ಸಂಬಂಧಗಳನ್ನೆಲ್ಲ ಕೆದಕಿ ಮಾತಾಡಿದರು. ಹೋಗುವಾಗ ಹುಡುಗನ ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಚಿಕ್ಕಮ್ಮನಿಗೆ, "ಹುಡುಗಿ ಗುಣವಂತೆ. ಒಂಚೂರು ಮೈ ಇಳಿಸ್ಕಂಡ್ರೆ ನೋಡಣ" ಎಂದರು. ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ ತಂಗಿಗೂ ನನಗೂ ಅದು ಕೇಳಿಸಿತು. ನಾನು ಅಷ್ಟೇನೂ ಅಳಲಿಲ್ಲ. ತಂಗಿ ಅತ್ತಳು. ಹಿತ್ತಲಿನ ಕಲ್ಲಿನ ಮೇಲೆ ಕುಳಿತು, ಮೂಗು ಕೆಂಪಾಗುವವರೆಗೆ ಅತ್ತಳು. ನಾನೇ ಅವಳ ಬೆನ್ನು ಸವರಿ ಸಮಾಧಾನ ಮಾಡಿದೆ. ನನ್ನ ನೋವನ್ನು ತನ್ನದೆಂದು ಅಳುವ ತಂಗಿ ಯಾರಿಗೆ ಸಿಗುತ್ತಾಳೆ ಎಂದುಕೊಂಡಿದ್ದೆ. ಆ ನೆನಪನ್ನು ಬಹಳ ದಿನ ಜೋಪಾನ ಮಾಡಿ ಇಟ್ಟುಕೊಂಡಿದ್ದೆ.

ಕಾಲೇಜು ಶುರುವಾದ ಮೂರನೆಯ ತಿಂಗಳಿಗೆ, ಮಹಿಳಾ ಘಟಕದ ಮೇಡಂ ನಮ್ಮ ವಾಟ್ಸಾಪ್ ಗುಂಪಿಗೆ ಒಂದು ಲಿಂಕ್ ಕಳಿಸಿದರು. ಬೆಂಗಳೂರಿನ ಯಾವುದೋ ಸಂಸ್ಥೆ ನಡೆಸುವ ಎಂಟು ವಾರದ ಪಾಠ. ಮೈಯ ಬಗ್ಗೆ, ಊಟದ ಬಗ್ಗೆ ಹುಡುಗಿಯರ ಮನಸ್ಸು ಕಾಯಿಲೆ ಬೀಳುವ ಮೊದಲೇ ತಡೆಯುವುದಕ್ಕಾಗಿ ಮಾಡಿದ್ದಂತೆ. ಫೋನಿನಲ್ಲೇ ಕಲಿಯಬೇಕು. ವಾರಕ್ಕೊಂದು ವಿಡಿಯೋ, ಕೆಲವು ಪ್ರಶ್ನೆ, ಕೊನೆಗೆ ನಾವೇ ಏನಾದರೂ ಬರೆದು ಕಳಿಸಬೇಕು. ಆ ಕಡೆ ಆಪ್ತಸಮಾಲೋಚಕಿಯೊಬ್ಬರು ಅದನ್ನು ಓದಿ ಉತ್ತರ ಬರೆಯುತ್ತಾರೆ. ಅವರ ಮುಖ ನಾವು ನೋಡಿರಲಿಲ್ಲ, ಅದಕ್ಕೇ ಫೋನ್ ಮೇಡಂ ಎನ್ನುತ್ತಿದ್ದೆವು.

ಅಜ್ಜಿಗೆ ಇದನ್ನು ವಿವರಿಸಿದೆ. ಬೆಳ್ಳುಳ್ಳಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿ ನೋಡಿದಳು.

"ಉಣ್ಣೋದ್ ಕಲ್ಸಕ್ಕೂ ಫೋನ್ ಬಂತಾ? ಅಗಿಯೋದ್ಯಾರು, ಅದೂ ಫೋನೇನಾ?"

"ಅದಲ್ಲ ಅಜ್ಜಿ. ಸಣ್ಣ ಆಗ್ಬೇಕು ಅಂತ ಹುಡುಗೀರು ಊಟ ಬಿಟ್ಬಿಡ್ತಾರಲ್ಲ, ಅದಕ್ಕೆ."

"ನಿಂಗಂತೂ ಆ ಪಾಠ ಬ್ಯಾಡ ಕಣವ್ವ" ಎಂದು ನಕ್ಕಳು. ತಂಗಿಯೂ ನಕ್ಕಳು. ನಾನೂ ನಕ್ಕೆ.

ಸೇರಿದ್ದು ನಾನೇ, ಅವಳನ್ನೂ ಎಳೆದುಕೊಂಡೆ. ಮೊದಲ ವಾರದ ಬರೆಯುವ ಕೆಲಸ ಬಂದಾಗ ಅವಳು ಫೋನನ್ನು ನನ್ನ ಮಡಿಲಿಗೆ ಹಾಕಿ, "ಅಕ್ಕ, ನಂಗೆ ಕನ್ನಡದಲ್ಲಿ ಟೈಪ್ ಮಾಡಕ್ಕೆ ಬರಲ್ಲ ಕಣೇ. ನಾನ್ ಹೇಳ್ತೀನಿ, ನೀನು ಬರಿ" ಎಂದಳು.

ಹೇಳಿದ್ದು ಎರಡು ಮಾತು. ಬರೆದದ್ದು ನಾನು ಎರಡು ಪುಟ. ಎರಡನೆಯ ವಾರ ಹೇಳುವುದೂ ನಿಂತಿತು. "ನಿಂಗ್ ಗೊತ್ತಲ್ಲ, ಅದೇ ಥರ ಏನೋ ಒಂದ್ ಬರಿ. ನೀನ್ ಬರೆದ್ರೆ ಚೆನ್ನಾಗಿರತ್ತೆ" ಎಂದು ಮಂಚದ ಮೇಲೆ ಮಗ್ಗುಲಾಗುತ್ತಿದ್ದಳು. ನನಗೂ ಅದು ಭಾರವೆನಿಸಲಿಲ್ಲ. ಬರೆಯುವುದೆಂದರೆ ನನಗೆ ಹಬ್ಬ. ನನ್ನ ಹೆಸರಿನದೊಂದು, ಅವಳ ಹೆಸರಿನದೊಂದು, ಎರಡೂ ಬರೆಯುತ್ತಿದ್ದೆ. ಎರಡೂ ಒಂದೇ ಕೈಯದೆಂದು ಗೊತ್ತಾಗಬಾರದೆಂದು ಅವಳದನ್ನು ಇನ್ನೂ ಮುತುವರ್ಜಿಯಿಂದ ಬರೆಯುತ್ತಿದ್ದೆ. ಆ ಪಾಠದ ಮೊದಲ ಪುಟದಲ್ಲೇ ಇಂಗ್ಲಿಷಿನಲ್ಲಿ ಬೇಕೋ ಕನ್ನಡದಲ್ಲಿ ಬೇಕೋ ಎಂದು ಕೇಳುತ್ತಿತ್ತು ಎಂಬುದು ನನಗೆ ನೆನಪಾದದ್ದು ಬಹಳ ತಡವಾಗಿ. ಬೇಲೂರಿನ ಇಂಗ್ಲಿಷ್ ಶಾಲೆಯಲ್ಲಿ ಹನ್ನೆರಡು ವರ್ಷ ಓದಿದವಳು ಕನ್ನಡ ಎಂದು ಒತ್ತಿದ್ದಳು.

ಪ್ರತಿ ವಾರ ಒಂದು ಪ್ರಶ್ನೆ ತಪ್ಪದೇ ಬರುತ್ತಿತ್ತು: ಈ ವಾರ ಎಷ್ಟು ಹೊತ್ತಿನ ಊಟ ಬಿಟ್ಟಿದ್ದೀರಿ?

"ಏನ್ ಹಾಕ್ಲೇ?"

"ಸೊನ್ನೆ ಹಾಕು."

"ಸೋಮವಾರ ಬಿಟ್ಟಿದ್ಯಲ್ಲ?"

"ಅದು ವ್ರತ ಅಲ್ವಾ ಅಕ್ಕ. ದೇವ್ರಿಗ್ ಮಾಡಿದ್ದನ್ನೂ ಅವ್ರಿಗೆ ಹೇಳ್ಬೇಕಾ?"

ನನಗೂ ಸರಿಯೆನಿಸಿತು. ನಮ್ಮ ಮನೆಯಲ್ಲಿ ವ್ರತ ಹಿಡಿದವರು ಊಟ ಬಿಟ್ಟರು ಎಂದು ಯಾರೂ ಹೇಳುವುದಿಲ್ಲ. ಅದು ಬಿಟ್ಟದ್ದಲ್ಲ, ಕೊಟ್ಟದ್ದು. ವ್ರತದವರನ್ನು ಊಟ ಆಯಿತಾ ಎಂದು ಕೇಳುವಂತಿಲ್ಲ, ಬಲವಂತ ಮಾಡುವಂತಿಲ್ಲ; ಕೇಳಿದವರಿಗೇ ದೋಷ. ತಂಗಿ ಹದಿನಾರು ಸೋಮವಾರದ ವ್ರತ ಹಿಡಿದ ದಿನದಿಂದ ಅಜ್ಜಿಗೆ ಅವಳ ಮೇಲೆ ಎಲ್ಲಿಲ್ಲದ ಅಕ್ಕರೆ. ಬಂದವರಿಗೆಲ್ಲ ಅದೇ ಮಾತು: "ಇಂಗ್ಲೀಸ್ ಓದಿರ ಹುಡ್ಗಿ ಕಣ್ರೀ. ಒಂದು ತೊಟ್ಟು ಕಾಫಿನೂ ಮುಟ್ಟಲ್ಲ ಸೋಮಾರ. ನಮ್ಮದೂ ಐತೆ ಒಂದು, ಸೋಮಾರ ಬಂದ್ರೆ ಎಲ್ಡು ಮುದ್ದೆ." ಆ ಎರಡು ಮುದ್ದೆಯವಳು ನಾನು. ಸೋಮವಾರದ ಜೊತೆಗೆ ಶುಕ್ರವಾರ ಸೇರಿತು. ಆಮೇಲೆ ಶನಿವಾರ. ಗುರುವಾರ ಒಪ್ಪೊತ್ತು. ನಾನು ಪ್ರತಿ ವಾರ ಸೊನ್ನೆ ಹಾಕುತ್ತಲೇ ಹೋದೆ.

ಬೆಳಿಗ್ಗೆ ಅಜ್ಜಿ ಶಿವಪೂಜೆ ಮುಗಿಸಿ ಎಲ್ಲರ ಅಂಗೈಗೂ ಪ್ರಸಾದ ಹಾಕುತ್ತಿದ್ದಳು, ಒಂದು ಬಾಳೆಹಣ್ಣಿನ ಹೋಳು, ಒಂದು ಚೂರು ಕಾಯಿ. ಯಾವ ವ್ರತವಿದ್ದರೂ ಅದನ್ನು ಬೇಡ ಎನ್ನುವ ಹಾಗಿಲ್ಲ. ತಂಗಿ ಎರಡೂ ಕೈ ಜೋಡಿಸಿ ಹಿಡಿದು, ಕಣ್ಣಿಗೊತ್ತಿಕೊಂಡು ಕೋಣೆಗೆ ಹೋಗುತ್ತಿದ್ದಳು. ಅವಳ ಭಕ್ತಿಗೆ ಅಜ್ಜಿ ಕಣ್ಣು ತುಂಬಿಕೊಳ್ಳುತ್ತಿದ್ದಳು.

ನಾಲ್ಕನೆಯ ವಾರ, ನಿಮಗಿಂತ ಚಿಕ್ಕ ಹುಡುಗಿಯೊಬ್ಬಳಿಗೆ ಪತ್ರ ಬರೆಯಿರಿ ಎಂದಿದ್ದರು. ತೆಳ್ಳಗಾಗುವ ಹುಚ್ಚಿಗೆ ಬಿದ್ದರೆ ಏನೇನು ಕಳೆದುಹೋಗುತ್ತದೆ ಎಂದು ಅವಳಿಗೆ ತಿಳಿಸಿ ಹೇಳಬೇಕು. ತಂಗಿಯ ಹೆಸರಿನಲ್ಲಿ ನಾನು ಬರೆದೆ. "ಕಂದಾ, ನಿನ್ನ ತೋಳು ನೀರು ಸೇದುವುದಕ್ಕೆ, ಗೆಳತಿಯ ಹೆಗಲ ಮೇಲೆ ಹಾಕುವುದಕ್ಕೆ ಬೆಳೆದದ್ದು. ಯಾರೋ ಬಂದು ಅಳತೆ ತೆಗೆಯಲಿ ಎಂದು ಬೆಳೆದದ್ದಲ್ಲ" ಎಂದು ಶುರು ಮಾಡಿ, ಅಜ್ಜಿ ನನಗೆ ಹೇಳುತ್ತಿದ್ದುದನ್ನೆಲ್ಲ ಅದರೊಳಗೆ ಸುರಿದೆ. ಫೋನ್ ಮೇಡಂ ಉತ್ತರ ಬರೆದರು: ನಿಮ್ಮ ಪತ್ರ ಓದಿ ನನ್ನ ಕಣ್ಣಲ್ಲಿ ನೀರು ಬಂತು, ನಿಮ್ಮೊಳಗೆ ಏನೋ ಬದಲಾಗುತ್ತಿರುವುದು ನನಗೆ ಕಾಣುತ್ತಿದೆ. ತಂಗಿಗೆ ಓದಿ ಹೇಳಿದೆ. "ನೋಡಿದ್ಯಾ, ನಂಗೆ ಫಸ್ಟ್ ರ‍್ಯಾಂಕ್" ಎಂದು ನನ್ನ ಕೆನ್ನೆ ಹಿಂಡಿದಳು.

ಬದಲಾಗುತ್ತಿದ್ದದ್ದು ನಿಜ, ನಾನು. ಬೇರೆಯವರಿಗೆ ಬುದ್ಧಿ ಹೇಳಿ ಹೇಳಿ ಆ ಮಾತು ನನ್ನೊಳಗೇ ಇಳಿಯಿತು. ಬಸ್ಸಿನಲ್ಲಿ ವೇಲಿನ ಸೆರಗಿನಿಂದ ತೋಳು ಮುಚ್ಚಿಕೊಳ್ಳುವುದನ್ನು ಬಿಟ್ಟೆ. ಅರಸೀಕೆರೆಯ ಟೈಲರಮ್ಮನ ಹತ್ತಿರ ಹೋಗಿ ಎರಡು ಚೂಡಿದಾರದ ತೋಳನ್ನು ಮೊಣಕೈಗಿಂತ ಮೇಲಕ್ಕೆ ಗಿಡ್ಡ ಮಾಡಿಸಿಕೊಂಡೆ. ನಾಲ್ಕು ಜನರ ಎದುರಿಗೆ ತಿನ್ನಲು ನಾಚುತ್ತಿದ್ದವಳು ಬಸ್ ಸ್ಟ್ಯಾಂಡಿನಲ್ಲೇ ಕಡಲೆಪುರಿ ಪೊಟ್ಟಣ ಬಿಚ್ಚಿ ಮೆಲ್ಲತೊಡಗಿದೆ. ತಂಗಿ ಪಕ್ಕದಲ್ಲಿ ಕುಳಿತು ಫೋನ್ ನೋಡುತ್ತಿದ್ದಳು. "ತಗಳೇ" ಎಂದು ಪೊಟ್ಟಣ ಚಾಚಿದರೆ, "ಇವತ್ತು ಗುರುವಾರ ಅಕ್ಕ" ಎನ್ನುತ್ತಿದ್ದಳು.

ಆರನೆಯ ವಾರದ ಕೆಲಸ ಸುಲಭದ್ದು. ನಿಮಗೆ ಬೇಕಾದವರೊಬ್ಬರ ಜೊತೆ ಕುಳಿತು ಉಂಡ ಒಂದು ಫೋಟೋ ಕಳಿಸಿ ಎಂದಿದ್ದರು. ಭಾನುವಾರ ಬೆಳಿಗ್ಗೆ ತಂಗಿ ತಲೆಗೆ ನೀರು ಹಾಕಿಕೊಳ್ಳಲು ಬಚ್ಚಲಿಗೆ ಹೋಗಿದ್ದಳು. ನಾನು ಅವಳ ಫೋನ್ ಹಿಡಿದು, ಕಳೆದ ಹಬ್ಬದ ಊಟದ್ದು ಯಾವುದಾದರೂ ಇದ್ದೀತು ಎಂದು ಫೋಟೋಗಳನ್ನು ಹುಡುಕಿದೆ. ಗ್ಯಾಲರಿಯೊಳಗಿನ ಒಂದು ಪೆಟ್ಟಿಗೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ 'ಅಕ್ಕ' ಎಂದು ಬರೆದಿತ್ತು. ನನ್ನ ಫೋಟೋಗಳಿಗೇ ಒಂದು ಜಾಗ ಮಾಡಿಟ್ಟಿದ್ದಾಳೆ. ಅದನ್ನು ತೆರೆಯುವಾಗ ನಾನು ನಗುತ್ತಿದ್ದೆ, ಅದು ನನಗೆ ಚೆನ್ನಾಗಿ ನೆನಪಿದೆ.

ಮೊದಲನೆಯದು ನನ್ನ ಬೆನ್ನು. ಬಗ್ಗಿ ಒಲೆ ಒರೆಸುತ್ತಿದ್ದೇನೆ, ರವಿಕೆಯ ಕೆಳಗಿನ ಮಡಿಕೆಗಳು ಕಾಣುತ್ತಿವೆ. ಅದರ ಮೇಲೆ ಕೆಂಪಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು: ಹಸಿವಾದಾಗ ಇದನ್ನು ನೋಡು. ಎರಡನೆಯದು ಮುದ್ದೆ ನುಂಗುವಾಗಿನ ನನ್ನ ಬಾಯಿ. ಮೂರನೆಯದು ಮಧ್ಯಾಹ್ನ ಚಾಪೆಯ ಮೇಲೆ ಮಲಗಿದ್ದಾಗ ಪಕ್ಕಕ್ಕೆ ಬಿದ್ದ ತೋಳು. ತೋಳಿನ ಸುತ್ತ ಒಂದು ಕೆಂಪು ಸುತ್ತು ಎಳೆದಿತ್ತು. ಟೈಲರಮ್ಮ ಟೇಪು ಹಿಡಿದು ನನ್ನ ಸೊಂಟದ ಅಳತೆ ತೆಗೆಯುವುದು. ಬಸ್ ಸ್ಟ್ಯಾಂಡು, ಕಡಲೆಪುರಿ, ತುಟಿಗೆ ಅಂಟಿದ ಒಂದು ಕಾಳು. ಮುಗಿಯಲೇ ಇಲ್ಲ. ಒಂದರಲ್ಲೂ ನಾನು ಕ್ಯಾಮೆರಾ ನೋಡುತ್ತಿರಲಿಲ್ಲ. ಎಲ್ಲ ಫೋಟೋದಲ್ಲೂ ನಾನು ಪಕ್ಕದಲ್ಲಿದ್ದವಳನ್ನು ನಂಬಿ ನನ್ನ ಪಾಡಿಗೆ ಇದ್ದೆ.

ಅವಳು ಟವೆಲ್ಲು ಸುತ್ತಿದ ತಲೆಯಲ್ಲಿ ಬಂದು, "ಫೋಟೋ ಹಾಕ್ದಾ ಅಕ್ಕ?" ಎಂದಳು.

"ಚೆನ್ನಾಗಿರೋದು ಸಿಗ್ಲಿಲ್ಲ ಕಣೇ."

"ಹಂಗಾದ್ರೆ ಮಧ್ಯಾಹ್ನ ಊಟಕ್ಕೆ ಕೂತಾಗ ಒಂದ್ ತೆಗಿಯೋಣ ಬಿಡು."

ಮಧ್ಯಾಹ್ನ ತೆಗೆದಳು. ಕೈ ಉದ್ದ ಮಾಡಿ, ನನ್ನ ಭುಜಕ್ಕೆ ತಲೆಯಾನಿಸಿ, ಇಬ್ಬರ ತಟ್ಟೆಯೂ ಕಾಣುವ ಹಾಗೆ. ಅದನ್ನು ನಾನೇ ಕಳಿಸಿದೆ. ಕೆಳಗೆ ಎರಡು ಸಾಲು ಬರೆಯಬೇಕಿತ್ತು, ಅವನ್ನೂ ಬರೆದೆ. ಏನು ಬರೆದೆ ಎಂಬುದು ಈಗ ನೆನಪಿಲ್ಲ.

ಆಮೇಲೆ ಹತ್ತು ದಿನ ನಾನು ಬಾಯಿ ಬಿಡಲಿಲ್ಲ. ಈ ಹತ್ತು ದಿನವನ್ನು ನಾನು ಯಾವ ರೀತಿ ಹೇಳಿದರೂ ನೆಟ್ಟಗೆ ಆಗುವುದಿಲ್ಲ. ಅವಳು ಊಟ ಮಾಡುತ್ತಿಲ್ಲ ಎಂಬುದು ನನಗೆ ಆ ಭಾನುವಾರವೇ ಅರ್ಥವಾಗಿತ್ತು. ವ್ರತಗಳು ಏಕೆ ಹೆಚ್ಚುತ್ತಿವೆ, ಉಡುಪಿನ ಮೇಲೆ ಉಡುಪು ಏಕೆ ಹಾಕಿಕೊಳ್ಳುತ್ತಾಳೆ, ಬಾಚುವಾಗ ಕೂದಲೇಕೆ ಕಿತ್ತು ಬರುತ್ತದೆ, ಎಲ್ಲ ಒಟ್ಟಿಗೆ ಹೊಳೆದಿತ್ತು. ಯಾರಿಗಾದರೂ ಹೇಳಬೇಕಿತ್ತು. ಹೇಳಬೇಕಾದರೆ ಆ ಫೋಟೋಗಳ ವಿಷಯ ಹೇಳಬೇಕು. ಅಜ್ಜಿಯ ಮುಂದೆ ಆ ಬೆನ್ನನ್ನು, ಆ ಬಾಯನ್ನು ಇಡಬೇಕು. ನನ್ನ ಕೈಯಲ್ಲಿ ಅದಾಗಲಿಲ್ಲ. ಸಿಟ್ಟೂ ಇತ್ತು. ಹಸಿದುಕೊಂಡಿರಲಿ, ನನ್ನನ್ನು ನೋಡಿಕೊಂಡು ಹಸಿದುಕೊಂಡಿರಲಿ ಎಂದು ಒಂದು ಗಳಿಗೆ ಅನ್ನಿಸಿದ್ದೂ ಉಂಟು. ಅವಳು ಹೊರಗೆ ಹೋದ ಮೇಲೆ ಅಡುಗೆಮನೆಯಲ್ಲಿ ನಿಂತೇ ಉಣ್ಣುತ್ತಿದ್ದೆ. "ಯಾಕವ್ವ, ಕೋಳಿ ಕಾಳು ಹೆಕ್ಕಿದಂಗೆ ನಿಂತ್ಕಂಡ್ ಉಣ್ತೀಯ?" ಎಂದು ಅಜ್ಜಿ ಕೇಳಿದಳು. ಬಸ್ಸಿಗೆ ಹೊತ್ತಾಯಿತು ಎಂದೆ. ತೋಳು ಗಿಡ್ಡ ಮಾಡಿಸಿದ ಚೂಡಿದಾರ ಎರಡನ್ನೂ ಟ್ರಂಕಿನ ಅಡಿಗೆ ಸೇರಿಸಿದೆ. ಬೆಳಿಗ್ಗೆ ಅವಳ ತಲೆ ಬಾಚುವುದನ್ನು ಮಾತ್ರ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಏಕೆಂದು ಕೇಳುತ್ತಿದ್ದಳು.

ಹನ್ನೊಂದನೆಯ ದಿನ ಬೆಳಿಗ್ಗೆ, ಜಾವಗಲ್ಲಿನಲ್ಲಿ ಬಸ್ಸು ಹತ್ತುವಾಗ ಅವಳಿಗೆ ಕಣ್ಣು ಕತ್ತಲೆ ಬಂತು. ಮೆಟ್ಟಿಲ ಮೇಲಿಂದ ಹಿಂದಕ್ಕೆ ವಾಲಿದವಳನ್ನು ನಾನು ಕೆಳಗಿನಿಂದ, ಕಂಡಕ್ಟರು ಮೇಲಿನಿಂದ ಹಿಡಿದುಕೊಂಡೆವು. ಅವಳು ಎಷ್ಟು ಹಗುರವಿದ್ದಳೆಂದರೆ ನನಗೆ ಹೆದರಿಕೆಯಾಯಿತು.

"ಯಾಕವ್ವ, ತಿಂಡಿ ತಿಂದಿಲ್ವಾ?" ಎಂದರು ಕಂಡಕ್ಟರು.

"ವ್ರತ ಸಾರ್" ಎಂದಳು ಕಣ್ಣು ಮುಚ್ಚಿಕೊಂಡೇ.

"ವ್ರತದವ್ರು ಕಣ್ರೀ, ಒಸಿ ಜಾಗ ಬುಡಿ" ಎಂದು ಕಂಡಕ್ಟರು ಒಳಗೆ ಕೂಗಿದರು. ಮುಂದಿನ ಸೀಟಿನ ಹೆಂಗಸು ಎದ್ದು ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟರು. ಯಾರೋ ನೀರಿನ ಬಾಟಲಿ ಚಾಚಿ, ವ್ರತಕ್ಕೆ ನೀರು ಕುಡಿಯಬಹುದೋ ಇಲ್ಲವೋ ಎಂದು ಹಿಂದಕ್ಕೆ ತೆಗೆದುಕೊಂಡರು. ಇನ್ನೊಬ್ಬರು ಕೈಮುಗಿದರು. ಇಡೀ ಬಸ್ಸು ನನ್ನ ತಂಗಿಗೆ ಮರ್ಯಾದೆ ಮಾಡುತ್ತಿತ್ತು. ಅವಳು ಅರಸೀಕೆರೆ ಬರುವವರೆಗೂ ಕಿಟಕಿಗೆ ತಲೆಯಾನಿಸಿ ಕುಳಿತಿದ್ದಳು. ಮಧ್ಯೆ ಒಮ್ಮೆ ಫೋನ್ ತೆಗೆದು ಏನನ್ನೋ ನೋಡಿ ಒಳಗಿಟ್ಟಳು. ಏನನ್ನು ನೋಡಿದಳೆಂದು ನನಗೆ ಗೊತ್ತಿತ್ತು.

ಅವಳನ್ನು ಹುಡುಗಿಯರ ಕೋಣೆಯಲ್ಲಿ ಮಲಗಿಸಿ, ಹೊರಗೆ ಮೆಟ್ಟಿಲ ಮೇಲೆ ಕುಳಿತು ಫೋನ್ ಮೇಡಂಗೆ ಬರೆದೆ. ಅಷ್ಟು ವಾರಗಳಲ್ಲಿ ಒಂದು ಉಪಮಾನವಿಲ್ಲದೆ, ಅಜ್ಜಿಯ ಒಂದು ಮಾತಿಲ್ಲದೆ ನಾನು ಬರೆದದ್ದು ಅದೊಂದೇ. ನನ್ನ ತಂಗಿಯ ಹೆಸರಲ್ಲಿ ಬರುತ್ತಿದ್ದದ್ದೆಲ್ಲ ನಾನು ಬರೆದದ್ದು. ಅವಳು ಊಟ ಮಾಡುತ್ತಿಲ್ಲ. ಇವತ್ತು ಬಿದ್ದಳು.

ಸ್ವಲ್ಪ ಹೊತ್ತಿಗೆ ಅವರೇ ಫೋನ್ ಮಾಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಅವಳ ತಾಯಿಗೆ ತಿಳಿಸಿ, ಇವತ್ತೇ ಡಾಕ್ಟರಿಗೆ ತೋರಿಸಿ, ನಾಳೆ ಎನ್ನಬೇಡಿ ಎಂದರು. ಚಿಕ್ಕಮ್ಮ ಹಳೇಬೀಡಿನಿಂದ ಬಂದು ಅವಳನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಸಂಜೆ ಫೋನ್ ಮೇಡಂ ಮನೆಯ ಹಿರಿಯರ ಹತ್ತಿರ ಮಾತಾಡಬೇಕೆಂದರು. ಜಗಲಿಯಲ್ಲಿ ನಾನೂ ಅಜ್ಜಿಯೂ ಕುಳಿತಿದ್ದೆವು. ಫೋನನ್ನು ಸ್ಪೀಕರಿಗೆ ಹಾಕಿ ನಡುವೆ ಇಟ್ಟೆ.

"ಪ್ರತಿ ವಾರ ಊಟ ಬಿಟ್ಟಿಲ್ಲ, ಸೊನ್ನೆ ಅಂತ ಬಂದಿದೆಯಲ್ಲಮ್ಮ" ಎಂದರು ಮೇಡಂ.

"ವ್ರತ ಮೇಡಂ. ವ್ರತಾನ ಲೆಕ್ಕ ಹಿಡೀಬಾರ್ದು ಅಂತ..."

"ವಾರದಲ್ಲಿ ಎಷ್ಟು ದಿನ ವ್ರತ ಇರುತ್ತಿತ್ತು?"

ನಾನು ಬೆರಳು ಮಡಿಚಿದೆ. ಸೋಮವಾರ, ಗುರುವಾರ, ಶುಕ್ರವಾರ, ಶನಿವಾರ. ಅಜ್ಜಿ ಮಧ್ಯೆ, "ಆಮ್ಯಾಕೆ ಮಂಗ್ಳಾರಾನೂ ಹಿಡ್ದಿದ್ಲು" ಎಂದಳು. ಅಜ್ಜಿ ತನ್ನ ಬೆರಳುಗಳನ್ನೇ ನೋಡುತ್ತ ಕುಳಿತಳು. ಐದು ಮಡಿಸಿದ್ದಳು.

"ಗುರುವಾರ ನಮ್ ಮನೇಲಿ ಯಾರೂ ಹಿಡೀತಿರ್ಲಿಲ್ಲ. ಯಾವ ದೇವ್ರದು ಮಗ ಅಂತ ಕೇಳ್ದೆ, ನಕ್ಬುಟ್ಲು. ನಾನೂ ನಕ್ಕಂಡ್ ಸುಮ್ಕಾದೆ" ಎಂದಳು.

ಫೋನಿಡುವ ಮೊದಲು ಮೇಡಂ ನನಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. ಆ ಪಾಠ ಕೆಲಸ ಮಾಡುವುದು ಓದುವುದರಿಂದಲ್ಲವಂತೆ, ಬರೆಯುವುದರಿಂದ. ತನ್ನ ಬಾಯಿಂದಲೇ ಆ ಹುಚ್ಚು ಬೇಡ ಎಂದು ಹೇಳಿ ಹೇಳಿ ಮನಸ್ಸು ತಿರುಗುತ್ತದಂತೆ. "ಅವಳು ಹೇಳಬೇಕಾದದ್ದನ್ನೆಲ್ಲ ನೀವೇ ಹೇಳಿಬಿಟ್ಟಿರಿ" ಎಂದರು. ತಪ್ಪು ಹೊರಿಸುವ ದನಿಯಲ್ಲ. ಆದರೂ ಔಷಧಿ ಅವಳದು, ಕುಡಿದವಳು ನಾನು ಎಂಬುದು ಅಲ್ಲೇ, ಜಗಲಿಯ ಮೇಲೆಯೇ ನನಗೆ ತಿಳಿಯಿತು. ಕುಡಿದದ್ದನ್ನೂ ಆ ಭಾನುವಾರ ಕಕ್ಕಿಬಿಟ್ಟಿದ್ದೆ.

ಅಜ್ಜಿ ಎದ್ದು ನಮ್ಮ ಕೋಣೆಗೆ ಹೋದಳು. ಏನು ಹುಡುಕುತ್ತಿದ್ದಾಳೆಂದು ತಿಳಿಯದೆ ನಾನೂ ಹಿಂದೆ ಹೋದೆ. ಮೂಲೆಯಲ್ಲಿ ಗೋಡೆಗೆ ಒರಗಿಸಿದ್ದ ಕೊಬ್ಬರಿ ಚೀಲವನ್ನು ಇಬ್ಬರೂ ಸೇರಿ ಸರಿಸಿದೆವು. ಹಿಂದೆ ನೋಟ್ ಪುಸ್ತಕದ ಹಾಳೆಗಳಲ್ಲಿ ಮಡಿಚಿಟ್ಟ ಪೊಟ್ಟಣಗಳಿದ್ದವು. ಒಂದನ್ನು ಬಿಚ್ಚಿದರೆ ಕಪ್ಪಾಗಿ ಒಣಗಿದ ಬಾಳೆಹಣ್ಣಿನ ಹೋಳು, ಒಂದು ಚೂರು ಕಾಯಿ. ಇನ್ನೊಂದರಲ್ಲೂ ಅದೇ. ಕೆಲವಕ್ಕೆ ಇರುವೆ ಹತ್ತಿತ್ತು, ಕೆಲವನ್ನು ಇರುವೆಯೂ ಬಿಟ್ಟುಹೋಗಿತ್ತು. ಪ್ರಸಾದವನ್ನು ಎಸೆಯಲು ಮಾತ್ರ ಅವಳಿಗೆ ಧೈರ್ಯ ಬಂದಿರಲಿಲ್ಲ.

ಅಜ್ಜಿ ನೆಲದ ಮೇಲೆ ಕುಳಿತುಬಿಟ್ಟಳು. ಪೊಟ್ಟಣಗಳನ್ನು ಒಂದೊಂದಾಗಿ ಮಡಿಲಿಗೆ ಹಾಕಿಕೊಂಡಳು.

"ದೇವ್ರಿಗ್ ಸುಳ್ಳೇಳ್ಲಿ, ಅವ್ನು ತಡ್ಕತಾನೆ. ನಂಗ್ಯಾಕೇಳ್ಬೇಕಾಗಿತ್ತು?" ಎಂದಳು.

ನಾನು ಆಗಲೂ ಫೋಟೋಗಳ ವಿಷಯ ಹೇಳಲಿಲ್ಲ. ಅಜ್ಜಿಗೆ ಒಂದು ದಿನಕ್ಕೆ ಅಷ್ಟು ಸಾಕಿತ್ತು. ಇವತ್ತಿನವರೆಗೂ ಹೇಳಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ತಂಗಿಯನ್ನು ಹಳೇಬೀಡಿನ ಮನೆಯಲ್ಲೇ ಇಟ್ಟುಕೊಂಡರು. ಒಂದು ಶನಿವಾರ ನೋಡಲು ಹೋದೆ. ಕಿಟಕಿಯ ಪಕ್ಕದಲ್ಲಿ ಹೊದ್ದು ಕುಳಿತಿದ್ದಳು. ಜಡೆಯನ್ನು ಚಿಕ್ಕಮ್ಮ ಹಾಕಿದ್ದರು, ಬಿಗಿಯಾಗಿ.

"ಮೇಡಂಗೆ ನೀನೇ ಹೇಳಿದ್ದಾ?" ಎಂದಳು.

"ಹೂಂ."

"ನೀನ್ ಹೇಳಲ್ಲ ಅನ್ಕೊಂಡಿದ್ದೆ."

"ನೀನು ನನ್ ಫೋಟೋ ತೆಗಿಯಲ್ಲ ಅಂತ ನಾನೂ ಅನ್ಕಂಡಿದ್ದೆ."

ಅವಳ ಕೈ ಹೊದಿಕೆಯ ಅಂಚಿನಲ್ಲಿ ನಿಂತುಹೋಯಿತು.

"ಯಾವಾಗ್ ನೋಡ್ದೆ?"

"ನೀನು ತಲೆಗೆ ನೀರು ಹಾಕ್ಕೊಳ್ಳೋಕೆ ಹೋಗಿದ್ಯಲ್ಲ, ಆವತ್ತು."

"ಆಮೇಲೂ ನಂಗೆ ಜಡೆ ಹಾಕ್ತಿದ್ಯಲ್ಲ ಅಕ್ಕ."

ಅವಳು ಮೊಣಕಾಲ ಮೇಲೆ ಗಲ್ಲವಿಟ್ಟುಕೊಂಡು, "ಅರೇಹಳ್ಳಿಯವ್ರು ಬಂದಿದ್ರಲ್ಲ. ಆವತ್ತು ಅವ್ರು ಅಂದಿದ್ದು ನಂಗ್ ಕೇಳಿಸ್ತು. ಅಷ್ಟ್ ಒಳ್ಳೇವ್ಳು ನೀನು, ಅಷ್ಟ್ ಚೆನ್ನಾಗ್ ಮಾತಾಡ್ತೀಯ, ಆದ್ರೂ ಅವ್ರು ಅಷ್ಟನ್ನೇ ನೋಡಿದ್ರು" ಎಂದಳು.

"ಆವತ್ತು ನೀನ್ ಅತ್ತಿದ್ದು ನಂಗೋಸ್ಕರ ಅನ್ಕಂಡಿದ್ದೆ ಕಣೇ."

ಅವಳು ಹೌದು ಎನ್ನಲಿಲ್ಲ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಆ ಒಂದು ಸುಳ್ಳನ್ನು ಹೇಳಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಹಿತ್ತಲಿನ ಕಲ್ಲಿನ ಮೇಲೆ ಅವಳ ಬೆನ್ನು ಸವರಿದ ನನ್ನ ಕೈ ಯಾವುದನ್ನು ಸಮಾಧಾನ ಮಾಡುತ್ತಿತ್ತು ಎಂಬುದು ಆಗ ತಿಳಿಯಿತು. ಅವಳು ಅತ್ತದ್ದು ನನ್ನಂತಾದರೆ ಏನು ಗತಿ ಎಂಬ ಹೆದರಿಕೆಗೆ.

ಚಿಕ್ಕಮ್ಮ ಎರಡು ಲೋಟ ರಾಗಿ ಅಂಬಲಿ ತಂದಿಟ್ಟು, "ಏನ್ರೇ ಗುಸುಗುಸು, ಬಂದೋಳು ಮೊದ್ಲು ಕುಡೀಲಿ" ಎಂದು ಹೋದರು. ತಂಗಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತಳು. ನಾನು ಕುಡಿಯುವವರೆಗೂ ಅವಳು ಕುಡಿಯುವುದಿಲ್ಲವೆಂದು ಗೊತ್ತಿತ್ತು. ಅವಳ ಕಣ್ಣ ಮುಂದೆ ಒಂದು ಲೋಟ ಅಂಬಲಿ ಕುಡಿಯುವುದು ಅಷ್ಟು ಕಷ್ಟವೆಂದು ಯಾರಿಗೆ ಹೇಳಲಿ? ಕ್ಯಾಮೆರಾ ಇರಲಿಲ್ಲ. ಆದರೂ ನನ್ನ ಬಾಯಿ, ನನ್ನ ಗಂಟಲು, ನನ್ನ ತೋಳು, ಎಲ್ಲ ಬೇರೆಯವರದಾಗಿ ನನಗೇ ಕಾಣುತ್ತಿತ್ತು. ಕಣ್ಣು ಮುಚ್ಚಿ ಕುಡಿದೆ. ಲೋಟ ಇಟ್ಟು ನೋಡಿದರೆ ಅವಳೂ ಅರ್ಧ ಕುಡಿದಿದ್ದಳು.

ಅವಳಿಗೆ ವಾಸಿಯಾಗಲು ಬಹಳ ಕಾಲ ಹಿಡಿಯಿತು. ಹಾಸನದ ಡಾಕ್ಟರು, ಮನಸ್ಸಿಗೆ ಬೇರೆ ಡಾಕ್ಟರು, ಒಂದು ವರ್ಷ ಕಾಲೇಜೂ ಹೋಯಿತು. ನಡುವೆ ಸ್ವಲ್ಪ ಗಟ್ಟಿಯಾದಾಗ ಫೋನ್ ಮೇಡಂ ಮತ್ತೆ ಮೊದಲ ವಾರದಿಂದ ಪಾಠ ಶುರು ಮಾಡಿಸಿದರು. ಈ ಸಲ ಇಂಗ್ಲಿಷಿನಲ್ಲಿ, ಅವಳ ಕೈಯಿಂದಲೇ. ಆ ಚಿಕ್ಕ ಹುಡುಗಿಗೆ ಅವಳು ಏನೆಂದು ಪತ್ರ ಬರೆದಳೋ ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ, ಅವಳು ತೋರಿಸಲೂ ಇಲ್ಲ. ಆ ಪಾಠದ ಮೇಲೆ ನನಗೆ ಸಿಟ್ಟಿಲ್ಲ. ಅದು ಕೇಳಬೇಕಾದ್ದನ್ನೇ ಕೇಳಿತ್ತು. ಸೊನ್ನೆ ಒತ್ತಿದ ಬೆರಳು ನನ್ನದು.

ಈಗ ನಾನು ಬೇಲೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತೇನೆ. ಯಾವ ಹುಡುಗಿಯಾದರೂ ಗೆಳತಿಯ ಪ್ರಬಂಧ ಬರೆದುಕೊಟ್ಟಿದ್ದು ಕಂಡರೆ, ಬೇರೆಯದಕ್ಕೆ ಸಿಗದ ಸಿಟ್ಟು ನನಗೆ ಸಿಗುತ್ತದೆ. ಮಕ್ಕಳಿಗೆ ಅದೇಕೆಂದು ತಿಳಿಯುವುದಿಲ್ಲ. ತಂಗಿ ಬೇಲೂರಿನಲ್ಲೇ ಕೆಲಸದಲ್ಲಿದ್ದಾಳೆ. ಇಬ್ಬರೂ ಮಾತಾಡುತ್ತೇವೆ, ಹಬ್ಬಕ್ಕೆ ಸೇರುತ್ತೇವೆ. ಅಜ್ಜಿ ಈಗಲೂ ಬೆಳಿಗ್ಗೆ ಪ್ರಸಾದ ಕೊಡುತ್ತಾಳೆ, ಆದರೆ ತಂಗಿ ಬಂದಿದ್ದಾಗ ಅವಳ ಅಂಗೈಗೆ ಹಾಕುವುದಿಲ್ಲ. ಬಾಯಿ ತೆರೆ ಎಂದು ನಾಲಿಗೆಯ ಮೇಲೆ ಇಡುತ್ತಾಳೆ. ಮದುವೆಯ ವಯಸ್ಸಿನ ಹುಡುಗಿ ಮಗುವಿನಂತೆ ಬಾಯಿ ತೆರೆಯುತ್ತಾಳೆ. ನೋಡಿದವರು ಮುದ್ದು ಎಂದುಕೊಳ್ಳುತ್ತಾರೆ.

ಕಳೆದ ತಿಂಗಳು ಹಳೇಬೀಡಿನಲ್ಲಿ ನೆಂಟರ ಮನೆಯ ಗೃಹಪ್ರವೇಶ. ಊಟಕ್ಕೆ ಎಲೆ ಹಾಕಿದಾಗ ತಂಗಿ ನನ್ನ ಪಕ್ಕದ ಎಲೆಗೇ ಬಂದು ಕುಳಿತಳು. ಬಡಿಸುವವರು ಒಬ್ಬಟ್ಟಿನ ತಟ್ಟೆ ಹಿಡಿದು ನಮ್ಮ ಸಾಲಿಗೆ ತಿರುಗುವ ಮೊದಲು ತನ್ನ ಫೋನನ್ನು ಮಗುಚಿ ನನ್ನ ಮಡಿಲಲ್ಲಿಟ್ಟು, "ಊಟ ಆಗೋವರ್ಗೂ ನೀನೇ ಇಟ್ಕೋ ಅಕ್ಕ" ಎಂದಳು. ಆ ಅಂಬಲಿಯ ದಿನದಿಂದ ನಾವು ಜೊತೆಯಲ್ಲಿ ಉಣ್ಣುವಾಗಲೆಲ್ಲ ಅವಳು ಹಾಗೇ ಮಾಡುತ್ತಾಳೆ. ಕ್ಷಮಿಸು ಎಂದು ಅವಳು ಯಾವತ್ತೂ ಕೇಳಿಲ್ಲ. ಕೇಳಿದ್ದು ಇಷ್ಟೇ.

"ಎಲ್ಡು ಹಾಕಿ, ಇಬ್ರಿಗೂ" ಎಂದೆ ಬಡಿಸುವವರಿಗೆ. ಅವಳು ಎಲೆಯ ಮೇಲೆ ಕೈ ಅಡ್ಡ ಹಿಡಿಯಲಿಲ್ಲ. ಒಂದನ್ನು ಮುರಿದು ತುಪ್ಪದಲ್ಲಿ ಅದ್ದಿ ನಿಧಾನವಾಗಿ ತಿಂದಳು. ನಾನೂ ತಿಂದೆ. ನನ್ನ ಮಡಿಲಲ್ಲಿ ಆ ಫೋನು ಬೆಚ್ಚಗಿತ್ತು. ಅದರ ಪಾಸ್‌ವರ್ಡ್ ಅವಳು ಬದಲಾಯಿಸಿಲ್ಲವೆಂದು ನನಗೆ ಗೊತ್ತು. ಆ 'ಅಕ್ಕ' ಪೆಟ್ಟಿಗೆ ಅದರೊಳಗೆ ಇನ್ನೂ ಇದೆಯೋ, ಅಳಿಸಿದ್ದಾಳೋ ಗೊತ್ತಿಲ್ಲ. ಇದುವರೆಗೆ ತೆರೆದು ನೋಡಿಲ್ಲ. ತೆರೆದು ನೋಡಬೇಕು ಎನ್ನಿಸದೆ ಉಂಡೆದ್ದ ದಿನವೂ ಇದುವರೆಗೆ ಬಂದಿಲ್ಲ.